ನನ್ನ ಓರಗಿತ್ತಿಯ ಮುಖದ ಕಳೆ

ಕಳೆದ ವಾರ ಮಗಳು ಒಂದು ಡಬ್ಬ ತರಿಸಿಕೊಂಡಿದ್ದಳು. ಮುಚ್ಚಳ ತೆಗೆದ ಕೂಡಲೇ ಒಣಗಿದ ಬೆಟ್ಟದ ನೆಲ್ಲಿಕಾಯಿಯ ಒಗರು ವಾಸನೆ ಮೂಗಿಗೆ ಬಡಿಯಿತು. ಡಬ್ಬದ ಮೇಲೆ ಆಂಟಿಆಕ್ಸಿಡೆಂಟ್ ಅಂತ ದಪ್ಪಕ್ಷರ, ಪಕ್ಕದಲ್ಲಿ ಹೊಳೆಯುವ ಕೆನ್ನೆಯ ಹುಡುಗಿಯ ಚಿತ್ರ. ಚರ್ಮಕ್ಕೂ ಒಳ್ಳೆಯದಂತೆ, ಮೈಗೂ ಒಳ್ಳೆಯದಂತೆ. ಮಗಳು ಒಂದು ಚಿಟಿಕೆ ಪುಡಿ ನಾಲಿಗೆಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ದೊಡ್ಡವ್ವ ಉಪ್ಪು ಹಾಕಿ ಒಣಗಿಸ್ತಿದ್ದಳಲ್ಲ, ಥೇಟ್ ಅದೇ ಕಣಮ್ಮ," ಅಂದಳು.

ನನ್ನ ಎದೆಯೊಳಗೆ ಎಂದಿನಂತೆ ಚುಳ್ ಎಂದಿತು. ಆ ದೊಡ್ಡವ್ವ ತೀರಿಕೊಂಡು ಇಷ್ಟು ಕಾಲವಾದರೂ...

ಮಗಳ ದೊಡ್ಡವ್ವ ಎಂದರೆ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣ ತಮ್ಮಂದಿರ ಮದುವೆ ಮದ್ದೂರಿನ ಒಂದೇ ಛತ್ರದಲ್ಲಿ, ಒಂದೇ ದಿನ ಆಗಿತ್ತು. ನಾನು ಮಳವಳ್ಳಿಯವಳು, ಬೆಳ್ಳಗಿದ್ದೆ. ಅವಳು ನಿಡಘಟ್ಟದ ಕಡೆಯವಳು, ಕಪ್ಪು. ಬಂದವರೆಲ್ಲ ಅವಳನ್ನು ದಾಟಿ ನನ್ನನ್ನೇ ನೋಡಿದರು. ಆ ದಿನ ನನಗೆ ಬಹಳ ಹಿತವಾಗಿತ್ತು.

ಆ ಹಿತ ಹೆಚ್ಚು ಕಾಲ ಉಳಿಯಲಿಲ್ಲ. ಬೆಸಗರಹಳ್ಳಿಯ ಮನೆಯಲ್ಲಿ ಇಬ್ಬರೂ ಒಟ್ಟಿಗೇ ಇದ್ದೆವು. ಹೆರಿಗೆಯಾದ ಮೇಲೆ ನನ್ನ ಎರಡೂ ಕೆನ್ನೆಗೆ ಬಂಗು ಬಂತು, ಸಾರು ಚೆಲ್ಲಿದ ಕಲೆಯ ಹಾಗೆ. ಅವಳದೂ ಬಾಣಂತನವಾಯಿತು. ದಿನವಿಡೀ ಕಬ್ಬಿನ ಗದ್ದೆಯ ಬಿಸಿಲಲ್ಲಿ ಬೇಯುತ್ತಿದ್ದಳು. ಆದರೂ ಅವಳ ಮುಖ ತೊಳೆದಿಟ್ಟ ನೇರಳೆ ಹಣ್ಣಿನಂತೆ ಮಿರಮಿರ ಅನ್ನುತ್ತಿತ್ತು. ಒಮ್ಮೆ ಎದುರುಮನೆಯ ಮುದುಕಿ ನನಗೆ ಕೇಳಿಸುವಂತೆಯೇ ಅಂದಳು: "ಕಿರೀ ಸೊಸೇದು ಬಣ್ಣ ಅಷ್ಟೇ ಕಣಮ್ಮಿ. ಕಳೆ ನೋಡ್ಬೇಕು ಅಂದ್ರೆ ಇರೀ ಸೊಸೆ ಮಕ ನೋಡು."

ಆ ಮಾತನ್ನು ನಾನು ಮರೆಯಲೇ ಇಲ್ಲ. ಸಿಕ್ಕಸಿಕ್ಕ ಕ್ರೀಮು ತಿಕ್ಕಿದೆ. ಅವಳು ಮುಖಕ್ಕೆ ಏನನ್ನೂ ಹಚ್ಚುತ್ತಿರಲಿಲ್ಲ; ಕದ್ದು ಕದ್ದು ನೋಡಿ ಅದನ್ನು ಖಾತ್ರಿ ಮಾಡಿಕೊಂಡಿದ್ದೆ. ಅವಳು ಮಾಡುತ್ತಿದ್ದುದು ತಿನ್ನುವುದು ಮಾತ್ರ. ಗದ್ದೆಯಿಂದ ಬರುವಾಗ ಮಡಿಲ ತುಂಬ ಬೆರಕೆ ಸೊಪ್ಪು. ಅಣ್ಣೆ, ಗಣಕೆ, ಹೊನಗೊನೆ, ಇನ್ನೂ ನನಗೆ ಹೆಸರು ಗೊತ್ತಿಲ್ಲದವು. ಕಾಲಕ್ಕೆ ತಕ್ಕಂತೆ ಸೀಬೆ, ಪರಂಗಿ, ನೆಲ್ಲಿ. ನೇರಳೆ ಕಾಲದಲ್ಲಂತೂ ಅವಳ ನಾಲಿಗೆ ಸದಾ ನೀಲಿ. ನಾನೂ ಗುಟ್ಟಾಗಿ ಕೆಲವು ದಿನ ಸೊಪ್ಪು ತಿಂದೆ. ಬೆಳಗೆದ್ದು ಕನ್ನಡಿ ನೋಡಿಕೊಳ್ಳುವುದು, ಬಂಗು ಇದ್ದಲ್ಲೇ ಇರುವುದು. ಸಿಟ್ಟು ಬಂದು ಬಿಟ್ಟುಬಿಟ್ಟೆ.

ಗಂಡನ ಕೆಲಸಕ್ಕಾಗಿ ನಾವು ಮಂಡ್ಯಕ್ಕೆ ಬಂದ ಮೇಲೆ ನೆಮ್ಮದಿಯಾಗಿರಬೇಕಿತ್ತು. ಆದರೆ ಮಗಳು ಪಿಯುಸಿಗೆ ಬಂದಾಗ ಅವಳ ಮುಖದ ತುಂಬ ಮೊಡವೆ ಎದ್ದವು. ಕಾಲೇಜಿಗೆ ಹೋಗುವುದಿಲ್ಲ ಎಂದು ಹಟ ಹಿಡಿದು ಕೋಣೆ ಸೇರಿದಳು. ಚರ್ಮದ ಡಾಕ್ಟರು ಮುಲಾಮು ಕೊಟ್ಟು, ಬೇಕರಿ ತಿಂಡಿ ಬಿಡಿಸಿ, ಹಣ್ಣು, ಸೊಪ್ಪು ತಿನ್ನಿಸಿ ಎಂದರು. ನಾನು ಮಾಡಿಟ್ಟ ಸೊಪ್ಪಿನ ಪಲ್ಯದ ತಟ್ಟೆಯನ್ನು ಅವಳು ಬೆರಳಲ್ಲೇ ಆಚೆ ನೂಕುತ್ತಿದ್ದಳು. ಕೊನೆಗೆ ರಜದಲ್ಲಿ ದೊಡ್ಡವ್ವನ ಮನೆಗೆ ಹೋಗುತ್ತೇನೆ ಎಂದು ಹೊರಟಳು. ತಡೆಯಲು ನನಗೆ ಕಾರಣ ಸಿಗಲಿಲ್ಲ.

ಕರೆತರಲು ಹೋದಾಗ ಇಬ್ಬರೂ ಒಂದೇ ತಟ್ಟೆಯಲ್ಲಿ ಮುದ್ದೆ, ಬೆರಕೆ ಸೊಪ್ಪಿನ ಸಾರು ಉಣ್ಣುತ್ತಿದ್ದರು. ಮಗಳು ಬೆರಳು ನೆಕ್ಕುತ್ತಿದ್ದಳು. ಮುಖ ತಿಳಿಯಾಗಿತ್ತು. ಡಾಕ್ಟರ ಮುಲಾಮು ಹಚ್ಚಿದ್ದರಿಂದ ಹೋಯಿತು ಎಂದು ನಾನು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ದಿನ ಮಗಳು ಬಟ್ಟೆ ತುಂಬಿಕೊಳ್ಳಲು ಒಳಗೆ ಹೋದಾಗ ನಾನು ಕೇಳಿಯೇಬಿಟ್ಟೆ. "ಅಕ್ಕ, ಅದೇನು ಮಂತ್ರ ಹಾಕ್ತೀಯ? ನಾನು ಇಕ್ಕಿದ್ರೆ ಇವಳು ಮುಟ್ಟೋದಿಲ್ಲ."

ಅವಳು ಸೊಪ್ಪು ಬಿಡಿಸುತ್ತಿದ್ದಳು. "ಮಂತ್ರ ಎಲ್ ಬಂತಮ್ಮಿ? ಈ ಸೊಪ್ಪಿನ್ ರುಚಿ ನಂಗ್ ಅಸಿವು ಕಲ್ಸಿದ್ದು. ಅತ್ತೆ ಎಮ್ಮೆ ಆಲು, ತುಪ್ಪ ಎಲ್ಲಾವ ಬೆಳ್ಳಗಿರೋ ಸೊಸೆಗೆ ಅಂತ ಎತ್ತಿಕ್ಕೋರು. ನಂಗೆ ತಳದ್ ಸಾರು. ಗದ್ದೇಲಿ ಒಟ್ಟೆ ಅಸ್ಕಂಡ್ರೆ ಏನ್ ಮಾಡ್ಲಿ? ಕೈಗ್ ಸಿಕ್ಕಿದ್ ಅಣ್ಣು, ಸೊಪ್ಪು ತಿಂದೆ. ಆಮೇಲ್ ಅದೇ ರೂಢಿ ಆಗೋಯ್ತು ಬುಡು."

ಅವಳ ದನಿಯಲ್ಲಿ ಕಹಿ ಇರಲಿಲ್ಲ. ಆ ಹಾಲು ನನಗೆ ನೆನಪಿತ್ತು. ಕೆನೆಗಟ್ಟಿದ, ಬೆಚ್ಚಗಿನ ಲೋಟ. ಇಬ್ಬರು ಸೊಸೆಯರಿಗೂ ಕೊಡುತ್ತಾರೆಂದೇ ನಾನು ತಿಳಿದಿದ್ದೆ. ಬಸ್ಸಿನಲ್ಲಿ ಮಂಡ್ಯಕ್ಕೆ ಬರುವಷ್ಟು ಹೊತ್ತೂ ನನ್ನ ಸಂಕಟ ಇಳಿಯಲಿಲ್ಲ, ಹೊಟ್ಟೆಕಿಚ್ಚೂ ಇಳಿಯಲಿಲ್ಲ. ನನ್ನ ಪಾಲಿಗೆ ಬಂದ ಒಳ್ಳೆಯದೆಲ್ಲ ನನಗೆ ಅರಗದೆ ಹೋಯಿತು, ಅವಳಿಗೆ ಸಿಕ್ಕ ಅಷ್ಟಿಷ್ಟರಲ್ಲೇ ಅವಳು ಹೊಳೆದಳು. ಕೋಪ ಮಾಡಿಕೊಂಡಾದರೂ ಅವಳು ನನ್ನ ಮಟ್ಟಕ್ಕೆ ಇಳಿಯಬಾರದಿತ್ತೇ...

ಕೆಲವು ವರ್ಷಗಳ ಮೇಲೆ ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಅಷ್ಟು ಸೊಪ್ಪು ಸದೆ ತಿಂದವಳಿಗೇ ಹೀಗಾಯಿತಲ್ಲ ಎಂದು ಊರವರು ಬಾಯಿ ಬಿಟ್ಟರು. ಊಟ ಮೈಗೆ ಬಲ ಕೊಡುತ್ತದೆ, ಆದರೆ ಎಲ್ಲ ರೋಗವನ್ನೂ ಬಾಗಿಲಲ್ಲೇ ನಿಲ್ಲಿಸುತ್ತದೆಯೇ? ಮಳವಳ್ಳಿಯಲ್ಲಿ ಲೆಕ್ಚರರ್ ಆಗಿದ್ದ ನನ್ನ ಮಗಳು ರಜೆ ಹಾಕಿ ಅವಳ ಹಾಸಿಗೆಯ ಪಕ್ಕ ಕುಳಿತಳು. ನನಗೆ ಜ್ವರ ಬಂದಾಗ ಫೋನಿನಲ್ಲಿ ವಿಚಾರಿಸಿಕೊಂಡಿದ್ದ ಮಗಳು!

ಒಂದು ಮಧ್ಯಾಹ್ನ ಮಗಳು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ನಾನು ಪರಂಗಿ ಹಣ್ಣನ್ನು ಸಣ್ಣಗೆ ಹೆಚ್ಚಿ ಓರಗಿತ್ತಿಯ ಬಾಯಿಗಿಟ್ಟೆ. ಬೆಳಗ್ಗೆಯಿಂದ ನೀರೂ ಬೇಡವೆಂದಿದ್ದವಳು ಅದನ್ನು ತಿಂದಳು. ಬಾಡಿದ ಮುಖದಲ್ಲಿ ಕಣ್ಣು ಮಾತ್ರ ನಕ್ಕವು. "ನಿನ್ ಕೈ ಇಷ್ಟ್ ಮೆತ್ತಗೈತಲ್ಲಮ್ಮಿ. ಇಷ್ಟ್ ದಿನ ಎಲ್ಲಿಟ್ಟಿದ್ದೆ?" ಅಂದಳು. ಆ ವಾರವೇ ಹೋಗಿಬಿಟ್ಟಳು. ಆ ಮಧ್ಯಾಹ್ನದ ಮಾತನ್ನು ನಾನು ಮಗಳಿಗೆ ಇವತ್ತಿನವರೆಗೂ ಹೇಳಿಲ್ಲ. ಅದೊಂದು ನನ್ನದೇ ಆಗಿರಲಿ ಎಂದು.

ನಿನ್ನೆ ನೆಂಟರ ಮದುವೆಗೆ ಹೋಗಿದ್ದೆವು. ಯಾರೋ ಮಗಳ ಕೆನ್ನೆ ಮುಟ್ಟಿ, ಏನು ಹಚ್ಚುತ್ತೀಯ ಎಂದರು. "ಹಚ್ಚೋದೇನಿಲ್ಲ, ನಮ್ ದೊಡ್ಡವ್ವ ತಿನ್ನೋದು ಕಲಿಸಿದ್ಳು," ಅನ್ನುತ್ತ ಅವಳ ಕಣ್ಣು ತುಂಬಿತು. ಸುತ್ತ ಇದ್ದವರು ಅವಳ ಭುಜ ನೇವರಿಸಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಓರಗಿತ್ತಿಯನ್ನು ಕಳೆದುಕೊಂಡವಳನ್ನು ಸಮಾಧಾನ ಮಾಡುವ ಪದ್ಧತಿ ನಮ್ಮಲ್ಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಮಗಳು ಮತ್ತೆ ದೊಡ್ಡವ್ವನ ಮಾತೆತ್ತಿದಳು. ನನಗೆ ತಡೆಯಲಾಗಲಿಲ್ಲ.

"ನಂಗೂ ಅಕ್ಕ ಕಣೇ ಅವಳು," ಅಂದೆ.

ದನಿ ನಾನು ಅಂದುಕೊಂಡಿದ್ದಕ್ಕಿಂತ ಜೋರಾಗಿತ್ತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಮಗಳು ಕಿಟಕಿಯ ಪಕ್ಕದ ಜಾಗ ನನಗೆ ಬಿಟ್ಟುಕೊಟ್ಟು, ಮಂಡ್ಯ ಬರುವವರೆಗೂ ನಾನು ಆ ಕಡೆ ಮುಖ ಮಾಡಿ ಅಳಲು ಬಿಟ್ಟಳು.