ಒದ್ದೆ ಕೈಗೆ ಬುದ್ಧಿ ಬಂದ ಮೇಲೆ

ಬೆಳಗಿನ ಐದೂ ಮುಕ್ಕಾಲು. ಬಸ್ ಡಿಪೋದ ಹಿಂಬದಿಯ ನಲ್ಲಿಯ ಹತ್ತಿರ, ಬಸ್ಸುಗಳನ್ನು ಗುಡಿಸಿ ಒರೆಸಿ ಪಾಳಿ ಮುಗಿಸಿದ ಹೆಂಗಸರು ಕೈ ತೊಳೆಯುತ್ತಿದ್ದಾರೆ. ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬಟ್ಟೆಯ ಚೀಲವೊಂದನ್ನು ಎದೆಗವಚಿಕೊಂಡು ನಡುವಯಸ್ಸಿನ ಹೆಂಗಸೊಬ್ಬರು ನಿಂತಿದ್ದಾರೆ. ಅವರು ಯಾರ ಮುಖವನ್ನೂ ನೋಡುತ್ತಿಲ್ಲ. ನೋಡುತ್ತಿರುವುದು ಕೈಗಳನ್ನು. ಕೊನೆಗೆ ಎಲ್ಲರಿಗಿಂತ ಹಿರಿಯಳಾದ ಒಬ್ಬಾಕೆಯ ಕೈ ಅವರಿಗೆ ಹಿಡಿಸುತ್ತದೆ.

"ಅಮ್ಮಾ, ಒಂದೈದು ನಿಮಿಷ ಇದೆಯಾ? ನಿಮ್ಮ ಕೈ ಬೇಕಿತ್ತು."

"ಕೈಯಾ? ಕಿತ್ತು ಕೊಡಲಾ?"

"ಬೇಡಮ್ಮ, ತೋಳಿನ ಸಮೇತ ನೀವೇ ಬನ್ನಿ."

ಸುತ್ತ ನಗು ಏಳುತ್ತದೆ. ಹಿರಿಯಾಕೆ ಸೆರಗಿಗೆ ಕೈ ಒರೆಸಲು ಹೋದರೆ ಇವರು ಹೌಹಾರುತ್ತಾರೆ. "ಅಯ್ಯೋ, ಒರೆಸ್ಕೋಬೇಡಿ! ನನಗೆ ಬೇಕಾಗಿರೋದೇ ಒದ್ದೆ ಕೈ."

ಚೀಲದಿಂದ ಬಿಳಿಯ ಡಬ್ಬಿಯೊಂದು ಹೊರಬರುತ್ತದೆ. ಹೋದ ವರ್ಷ ಇವರ ಕುರ್ಚಿಯ ಕಾಲನ್ನೇ ಅಲುಗಿಸಿದ್ದು ಇದೇ ಡಬ್ಬಿ. ತಪ್ಪು ತಿದ್ದಿಸಿಕೊಂಡು ಈ ವರ್ಷ ಮತ್ತೆ ಬಂದಿದೆ. ನಿಜವಾಗಿಯೂ ತಿದ್ದಿಕೊಂಡಿದೆಯೋ ಇಲ್ಲವೋ ಎನ್ನುವುದು ಈ ಐದು ನಿಮಿಷದಲ್ಲಿ ತಿಳಿಯಬೇಕು.

ಕಚೇರಿಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಒದ್ದೆಕೈ ಅಕ್ಕ ಎಂದು. ಸಮಾಜಕ್ಕೆ ಉಪಯೋಗವಾಗುವ ತಂತ್ರಜ್ಞಾನಕ್ಕೆ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುವ ಸಂಸ್ಥೆಯ ಕಚೇರಿ ಅದು. ಐದು ಜನ ತೀರ್ಪುಗಾರರು, ಒಂದು ಉದ್ದನೆಯ ಮೇಜು, ಮೇಜಿನ ತುದಿಯಲ್ಲಿ ಕೈಯಿಲ್ಲದ ಒಂದು ಕುರ್ಚಿ. ಆ ಕುರ್ಚಿ ಅಕ್ಕನದು. ಪ್ರಶಸ್ತಿ ಪತ್ರದಲ್ಲಿ ಐವರ ಸಹಿ ಇರುತ್ತದೆ, ಫೋಟೋದಲ್ಲಿ ಐವರ ಮುಖ ಇರುತ್ತದೆ. ಆದರೆ ಅಕ್ಕನ ಹಸಿರು ಚೀಟಿ ಅಂಟದ ಯಾವ ಯಂತ್ರವೂ ಆ ಐವರ ಮುಂದೆ ಬರುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ಅವರು ಇಲ್ಲಿಗೆ ಬಂದದ್ದು ನೆಲ ಒರೆಸಲು. ಒಂದು ಮಧ್ಯಾಹ್ನ ಮೇಜಿನ ಮೇಲೆ ಅಡುಗೆಮನೆಯ ಗ್ಯಾಸ್ ಸೋರಿದರೆ ಕೂಗುವ ಯಂತ್ರವಿತ್ತು. ಐವರೂ ಮುಟ್ಟಿ ನೋಡಿ ಭೇಷ್ ಎಂದಿದ್ದರು. ಅಷ್ಟರಲ್ಲಿ ಅದು ಸುಮ್ಮಸುಮ್ಮನೆ ಕೂಗತೊಡಗಿತು. ಹತ್ತಿರದಲ್ಲಿದ್ದ ಅಕ್ಕ ಒರೆಸುವ ಬಟ್ಟೆ ಬಿಟ್ಟು, ಅದರ ಗಾಜಿನ ಮೇಲೆ ಬೆರಳಿಟ್ಟರು. ನಿಲ್ಲಲಿಲ್ಲ. ಮತ್ತೆ ಇಟ್ಟರು. ಆಗಲೂ ನಿಲ್ಲಲಿಲ್ಲ. ತೀರ್ಪುಗಾರರ ಮುಖ್ಯಸ್ಥರು, ಎಲ್ಲರೂ ಮೇಷ್ಟ್ರು ಎನ್ನುವ ನಿವೃತ್ತ ಪ್ರಾಧ್ಯಾಪಕರು, ಒಮ್ಮೆ ಮುಟ್ಟಿದರು, ನಿಂತಿತು.

"ನಿಮ್ಮ ಮಾತು ಮಾತ್ರ ಕೇಳತ್ತೆ ಸರ್ ಅದು," ಎಂದರಂತೆ ಅಕ್ಕ. "ಅಡುಗೆಮನೇಲಿ ಯಾರ ಕೈ ಒಣಗಿರತ್ತೆ ಹೇಳಿ?"

ಮೇಷ್ಟ್ರು ಕನ್ನಡಕ ತೆಗೆದು ಅವರನ್ನು ನೋಡಿದರು. "ಇನ್ನೊಂದ್ಸಲ ಒತ್ತಮ್ಮ," ಎಂದು ಕಾಗದ ಎಳೆದುಕೊಂಡು ಬರೆದುಕೊಂಡರು. ಅಕ್ಕನಿಗೆ ಇಂದಿಗೂ ನೆನಪಿರುವುದು ಯಂತ್ರವಲ್ಲ, ಆ ಬರೆದುಕೊಂಡದ್ದು. "ಹುಟ್ಟಿದಾಗಿನಿಂದ ಮಾತಾಡ್ತಾನೇ ಇದ್ದೀನಿ. ಅಪ್ಪ ಕೇಳಿಸ್ಕೊಂಡ್ರು, ಅಣ್ಣಂದಿರು ಕೇಳಿಸ್ಕೊಂಡ್ರು, ಯಜಮಾನ್ರು ಪೇಪರ್ ಓದ್ತಾ ಹ್ಞೂಂ ಅಂದ್ರು. ನಾನು ಹೇಳಿದ್ದನ್ನ ಒಬ್ಬರು ಬರ್ಕೊಂಡಿದ್ದು ಅವತ್ತೇ ಮೊದಲು," ಎನ್ನುತ್ತಾರೆ. ಹೇಳುವಾಗ ನಗುತ್ತಾರೆ, ನಗುತ್ತಲೇ ಬಳೆಯನ್ನು ಎರಡು ಸುತ್ತು ತಿರುಗಿಸುತ್ತಾರೆ.

ಅಂದಿನಿಂದ ಅದೇ ಪದ್ಧತಿಯಾಯಿತು. ವರ್ಷಕ್ಕೆ ಇನ್ನೂರ ನಲವತ್ತರಷ್ಟು ಅರ್ಜಿ ಬರುತ್ತವೆ. ಅವುಗಳಲ್ಲಿ ನಲವತ್ತು ವಸ್ತುವಾಗಿ ಕಚೇರಿಯ ಹಿಂದಿನ ಉಗ್ರಾಣಕ್ಕೆ ತಲುಪುತ್ತವೆ. ಪ್ರತಿಯೊಂದಕ್ಕೂ ಮೂರು ಪರೀಕ್ಷೆ. ಮೊದಲು ಒದ್ದೆ ಕೈ. ಆಮೇಲೆ ಸೊಂಟಕ್ಕೆ ಐದು ಕಿಲೋ ಮರಳಿನ ಚೀಲ ಕಟ್ಟಿಕೊಂಡು ಒಂದೇ ಕೈಯಲ್ಲಿ ಬಳಸಬೇಕು, ಏಕೆಂದರೆ ಎಷ್ಟೋ ಹೆಂಗಸರ ಇನ್ನೊಂದು ಕೈ ಮಗುವಿನದು. ಕೊನೆಗೆ ಕನ್ನಡಕ ತೆಗೆದಿಡಬೇಕು. ತಯಾರಿಸಿದವರು ಕೊಟ್ಟ ಒಂದು ಪುಟದ ಸೂಚನೆ ಬಿಟ್ಟರೆ ಯಾರೂ ಒಂದಕ್ಷರ ಹೇಳಿಕೊಡುವಂತಿಲ್ಲ. ಅಕ್ಕ ಗೆರೆ ಎಳೆದುಕೊಂಡ ಹಾಳೆಯಲ್ಲಿ ಮೂರು ಅಂಕಣ: ಎಷ್ಟು ಸಲ ಒತ್ತಿದ್ದು, ಎಲ್ಲಿ ನಿಂತದ್ದು, ಎಲ್ಲಿ ಬೈದದ್ದು.

"ಬೈದ ಜಾಗಾನೇ ಮುಖ್ಯ," ಎಂದು ವಿವರಿಸುತ್ತಾರೆ. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲು ಅಂತ ಗಾದೆ ಇದೆಯಲ್ಲ, ಇಲ್ಲಿ ಮುಕ್ಕಾಲು ಪಾಲು ನೆಲಾನೇ ಡೊಂಕಿರತ್ತೆ. ಪಾಪ, ಕುಣಿಯೋಳು ತನ್ನ ಕಾಲನ್ನ ತಾನೇ ಬೈಕೊಂಡು ಮನೆಗೆ ಹೋಗ್ತಾಳೆ."

ಹೀಗೆ ಹತ್ತು ವರ್ಷ ನಡೆಯಿತು. ಆಮೇಲೆ ಬಂತು ಬಿಳಿ ಡಬ್ಬಿ.

ವಯಸ್ಸಾದವರಿಗೆ ಮಾತ್ರೆಯ ಹೊತ್ತು ನೆನಪಿಸುವ ಡಬ್ಬಿ ಅದು. ವಾರಕ್ಕೆ ಏಳು ಗೂಡು. ಹೊತ್ತಾದಾಗ "ಮಾತ್ರೆ ತಗೊಳ್ಳಿ" ಎಂದು ಕೂಗುತ್ತದೆ. ಗುಂಡಿ ಒತ್ತಿದರೆ ಆ ದಿನದ ಗೂಡು ತೆರೆದುಕೊಳ್ಳುತ್ತದೆ. ಇಬ್ಬರು ಗೆಳತಿಯರು ತಮ್ಮ ಅಜ್ಜಿಯರಿಗಾಗಿ ಮಾಡಿದ್ದಂತೆ. ಅಕ್ಕನ ಮೂರು ಪರೀಕ್ಷೆಯಲ್ಲೂ ಪಾಸಾಯಿತು, ಮೂರೂ ಹಸಿರು ಚೀಟಿ. 'ಯಾರ ಸಹಾಯವೂ ಬೇಡ' ಎಂದು ಬರೆದು ಅಕ್ಕ ಸಹಿ ಹಾಕಿದರು. ತೀರ್ಪುಗಾರರ ಪಟ್ಟಿಯಲ್ಲಿ ಅದಕ್ಕೆ ಮೊದಲನೆಯ ಸ್ಥಾನ.

ಕೊನೆಯ ಸುತ್ತಿಗೆ ಬಂದ ವಸ್ತುಗಳನ್ನು ಒಂದು ವಾರ ಸಿಬ್ಬಂದಿಯ ಮನೆಗಳಿಗೆ ಕಳಿಸುವ ರೂಢಿಯಿದೆ. ವಾರದ ಕೊನೆಗೆ ಡಬ್ಬಿ ಅಕ್ಕನ ಮನೆಗೆ ಬಂತು. ಮನೆಯಲ್ಲಿ ಬಿಪಿ ಮಾತ್ರೆ ನುಂಗುವ ಅತ್ತೆ ಇದ್ದಾರೆ. ವಯಸ್ಸು ಎಪ್ಪತ್ತೆಂಟು, ಕಣ್ಣು ಮಂದ, ನಾಲಿಗೆ ಚುರುಕು. ಪರೀಕ್ಷೆಗೆ ನಿಜವಾದ ಮಾತ್ರೆ ಹಾಕುವಂತಿಲ್ಲ ಎಂದು ಗೂಡಿಗೊಂದು ಪೆಪ್ಪರ್‌ಮಿಂಟ್ ಹಾಕಿಟ್ಟು, ಸೂಚನೆಯ ಕಾಗದವನ್ನು ಓದಿ ಹೇಳಿ, ಅಕ್ಕ ನೀರು ಹಿಡಿಯಲು ಹೋದರು. ತಿರುಗಿ ಬರುವಷ್ಟರಲ್ಲಿ ಅತ್ತೆಯ ಎರಡೂ ಕೆನ್ನೆ ಉಬ್ಬಿದ್ದವು.

"ಎಷ್ಟು ತಿಂದ್ರಿ ಅತ್ತೆ?"

"ನಾಲ್ಕು."

"ಒಂದಲ್ವಾ ತಗೋಬೇಕಾಗಿದ್ದು?"

"ಒಂದು ತಗೊಂಡೆ ಕಣೇ. ಆದ್ರೂ 'ಮಾತ್ರೆ ತಗೊಳ್ಳಿ, ಮಾತ್ರೆ ತಗೊಳ್ಳಿ' ಅಂತ ಪ್ರಾಣ ತಿಂತು. ಒತ್ತಿದೆ, ಇನ್ನೊಂದು ಕೊಡ್ತು. ಡಬ್ಬೀನೇ ಕೈಯೆತ್ತಿ ಕೊಡ್ತಿರುವಾಗ ನಾನ್ಯಾಕೆ ಬೇಡ ಅನ್ಲಿ? ನೀನಂತೂ ಮನೇಲಿ ಒಂದು ಪೆಪ್ಪರ್‌ಮಿಂಟ್ ತಂದಿಟ್ಟೋಳಲ್ಲ."

ಅಕ್ಕನಿಗೆ ನಗು ಬಂತು. ಆಮೇಲೆ ಖಾಲಿಯಾದ ಗೂಡುಗಳನ್ನು ಎಣಿಸಿದರು. ಪೆಪ್ಪರ್‌ಮಿಂಟ್ ಜಾಗದಲ್ಲಿ ಬಿಪಿ ಮಾತ್ರೆ ಇದ್ದಿದ್ದರೆ? ನಾಲ್ಕು ದಿನದ್ದು, ಒಂದೇ ಸಲಕ್ಕೆ? ಗೋಡೆಗೆ ಒರಗಿ ಕುಳಿತು ಡಬ್ಬಿಯನ್ನು ತಾವೇ ಮತ್ತೆ ಒತ್ತಿ ನೋಡಿದರು. ತಮ್ಮ ಕೈಗೆ ಅದು ಸರಿಯಾಗೇ ನಡೆಯಿತು. ಐದಾರು ಸಲ ಒತ್ತಿದ ಮೇಲೆ, ತಮ್ಮ ಹೆಬ್ಬೆರಳು ಏನು ಮಾಡುತ್ತಿದೆ ಎನ್ನುವುದು ಅವರಿಗೇ ಕಾಣಿಸಿತು. ಅದು ಗುಂಡಿಯನ್ನು ಒತ್ತಿ ಬಿಡುತ್ತಿರಲಿಲ್ಲ, ಒತ್ತಿ ಹಿಡಿದುಕೊಳ್ಳುತ್ತಿತ್ತು. ಹಿಡಿದುಕೊಂಡರೆ ಮಾತ್ರ ಕೂಗು ನಿಲ್ಲುತ್ತಿತ್ತು. ಒತ್ತಿ ಬಿಟ್ಟರೆ ಕೂಗು ಮುಂದುವರಿದು, ಮತ್ತೆ ಒತ್ತಿದಾಗ ಮರುದಿನದ ಗೂಡು ತೆರೆಯುತ್ತಿತ್ತು. ಕಾಗದದಲ್ಲಿ ಇದ್ದದ್ದು 'ಗುಂಡಿ ಒತ್ತಿ' ಎಂದಷ್ಟೇ. ಹತ್ತು ವರ್ಷದಲ್ಲಿ ನಾನೂರು ಯಂತ್ರ ಮುಟ್ಟಿದ ಬೆರಳು, ಯಾರೂ ಹೇಳದೆಯೇ ಅದನ್ನು ಕಲಿತುಬಿಟ್ಟಿತ್ತು.

ಆ ದಿನ ಅಕ್ಕನಿಗೆ ಅನ್ನ ರುಚಿಸಲಿಲ್ಲ. ಮಾರನೆಯ ಮಧ್ಯಾಹ್ನ ಮೂರಕ್ಕೆ ಪಟ್ಟಿ ಅಂತಿಮವಾಗುವುದಿತ್ತು. ಸುಮ್ಮನಿರಬಹುದಿತ್ತು. ಇಲ್ಲವೇ ಡಬ್ಬಿಯದೊಂದೇ ದೋಷ ಹೇಳಿ, ಹಾವೂ ಸಾಯದೆ ಕೋಲೂ ಮುರಿಯದೆ ಪಾರಾಗಬಹುದಿತ್ತು. ತಮ್ಮ ಕೈಯೇ ಕೆಟ್ಟಿದೆ ಎಂದು ಹೇಳಿದರೆ? ಮೇಜಿನ ತುದಿಯ ಕುರ್ಚಿ ಇದ್ದದ್ದೇ ಆ ಕೈಗಾಗಿ. "ಒರೆಸೋ ಬಟ್ಟೆ ಮತ್ತೆ ಹಿಡಿಯೋಕೆ ನಂಗೇನೂ ನಾಚಿಕೆ ಇಲ್ಲ," ಎನ್ನುತ್ತಾರೆ. "ಆದ್ರೆ ಆ ಮೇಜಿನ ಮೇಲೆ ನನ್ನ ಮಾತು ಬರ್ಕೊಳ್ಳೋದು ನಿಂತೋಗತ್ತಲ್ಲ, ಅದು ಕಷ್ಟ ಆಯ್ತು." ಒಗೆದ ಸೀರೆಯನ್ನೇ ಮತ್ತೆ ಒಗೆಯಲು ತೆಗೆದುಕೊಂಡಾಗ ಅತ್ತೆ ಗದರಿದರಂತೆ: "ಏನು ಹೊಟ್ಟೇಲಿಟ್ಕೊಂಡಿದ್ದೀಯೋ ಹೋಗಿ ಅಲ್ಲೇ ಕಕ್ಕು. ಸೀರೆ ಏನು ಪಾಪ ಮಾಡಿತ್ತು?"

ಮರುದಿನ ಸಭೆಯಲ್ಲಿ ಅಕ್ಕ ಎದ್ದು ನಿಂತು ನಾಲ್ಕು ಪೆಪ್ಪರ್‌ಮಿಂಟಿನ ಕಥೆ ಹೇಳಿದರು. ತೀರ್ಪುಗಾರರಲ್ಲೊಬ್ಬರು ನಕ್ಕು, "ನಿಮ್ಮ ಅತ್ತೆಗೆ ವಯಸ್ಸಾಗಿದೆಯಲ್ಲಮ್ಮ, ತಪ್ಪಾಗಿ ಒತ್ತಿರ್ತಾರೆ," ಎಂದರು.

"ಈ ಡಬ್ಬಿ ಮಾಡಿರೋದು ವಯಸ್ಸಾದೋರಿಗೇ ಅಲ್ವಾ ಸರ್?"

"ಮತ್ತೆ ನೀವು ಹೇಗೆ ಪಾಸು ಮಾಡಿದ್ರಿ?" ಕೇಳಿದವರು ಮೇಷ್ಟ್ರು.

"ನನ್ನ ಕೈಗೆ ಬುದ್ಧಿ ಬಂದ್ಬಿಟ್ಟಿದೆ ಸರ್. ಕಾಗದ ಓದೋಕೆ ಮುಂಚೆ ಅದೇ ಒತ್ತಿ ಹಿಡ್ಕೊಂಡ್ಬಿಡತ್ತೆ. ನಾನೀಗ ಅಡುಗೆಮನೆಯೋಳಲ್ಲ, ನಿಮ್ಮ ಥರಾನೇ ಆಗೋಗಿದ್ದೀನಿ."

"ಹಾಗಾದ್ರೆ ಹಿಂದಿನ ವರ್ಷದವೂ ಹೀಗೇ ಪಾಸಾಗಿರಬಹುದಲ್ಲ?"

"ಆಗಿರಬಹುದು ಸರ್. ಅದಕ್ಕೇ ಹೇಳ್ತಿರೋದು. ನನ್ನ ಸಹಿ ಹೊಡೆದುಹಾಕಿ."

ಮೇಷ್ಟ್ರು ಕಾಗದ ಎಳೆದುಕೊಂಡರು. ಸಹಿಯನ್ನು ಹೊಡೆದುಹಾಕಿದರು. ಅದರ ಕೆಳಗೆ ಅಕ್ಕ ಹೇಳಿದ ಅಷ್ಟನ್ನೂ, 'ನಿಮ್ಮ ಥರಾನೇ ಆಗೋಗಿದ್ದೀನಿ' ಎಂಬುದನ್ನೂ ಬಿಡದೆ, ಬರೆದುಕೊಂಡರು. ಬರೆದು ಮುಗಿಸಿ ಕೇಳಿದರು: "ಸರಿ. ಈಗ ಬುದ್ಧಿ ಇಲ್ಲದ ಕೈ ಎಲ್ಲಿ ಸಿಗತ್ತೆ, ನಮಗಂತೂ ಗೊತ್ತಿಲ್ಲ. ನಿಮಗೆ ಗೊತ್ತಾ?"

ಹಾಗಾಗಿ ಅಕ್ಕ ಈಗ ಒತ್ತುವುದಿಲ್ಲ, ಒತ್ತುವವರನ್ನು ಹುಡುಕುತ್ತಾರೆ. ಒಂದು ಕೈಗೆ ಒಂದೇ ಯಂತ್ರ, ಒಮ್ಮೆ ಒತ್ತಿದವರನ್ನು ಮತ್ತೆ ಕರೆಯುವಂತಿಲ್ಲ. ಹಿಂದಿನ ಮೂರು ವರ್ಷ ಬಹುಮಾನ ಪಡೆದ ಒಂಬತ್ತನ್ನೂ ಹೊಸ ಕೈಗಳಿಂದ ಮತ್ತೆ ಒತ್ತಿಸಿ, ಎರಡು ಎಡವಿದ್ದನ್ನು ತಯಾರಿಸಿದವರಿಗೆ ಬರೆದು ತಿಳಿಸಿದ್ದಾರೆ. ಈ ವರ್ಷ ಡಿಪೋ, ಹಾಲಿನ ಅಂಗಡಿ, ಲಾಂಡ್ರಿ, ಆಸ್ಪತ್ರೆಯ ಹೊರಗಿನ ಬೆಂಚು ಸುತ್ತಿ ನೂರ ಮೂವತ್ತೆರಡು ಕೈ ಹುಡುಕಿದ್ದಾರೆ. ಕುರ್ಚಿ ಅಲ್ಲೇ ಇದೆ. ದೂರು ಇರುವುದು ಅತ್ತೆಗೆ ಮಾತ್ರ. ಡಬ್ಬಿಯ ಗೆಳತಿಯರು ಸೋತ ಮೇಲೆ ಅತ್ತೆಯನ್ನೇ ಹುಡುಕಿಕೊಂಡು ಬಂದು, ಇಡೀ ಮಧ್ಯಾಹ್ನ ಕೂತು, ಎಲ್ಲೆಲ್ಲಿ ಒತ್ತಿದರು ಎಂದು ಕೇಳಿ ಬರೆದುಕೊಂಡು ಹೋದರು. ಆ ಲೆಕ್ಕದಲ್ಲಿ ಅತ್ತೆಯ ಕೈಗೂ ಬುದ್ಧಿ ಬಂದಂತಾಯಿತು, ಅವರನ್ನೂ ಇನ್ನು ಕರೆಯುವಂತಿಲ್ಲ. "ಉಪಕಾರ ಮಾಡಿದೋಳಿಗೇ ಬಾಗಿಲು ಹಾಕಿದ್ರು," ಎಂದು ಗೊಣಗುತ್ತಾರೆ.

ನಲ್ಲಿಯ ಹತ್ತಿರ, ಡಿಪೋದ ಹಿರಿಯಾಕೆಗೆ ಅಕ್ಕ ಸೂಚನೆಯ ಕಾಗದ ಓದಿ ಹೇಳಿ ಮುಗಿಸಿದ್ದಾರೆ. ಬಾಯಿಗೆ ಬೀಗ ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಡಬ್ಬಿ ಕೂಗುತ್ತದೆ. ಹಿರಿಯಾಕೆ ನೀರು ತೊಟ್ಟಿಕ್ಕುವ ಬೆರಳಿನಿಂದ ಒತ್ತುತ್ತಾರೆ. ಗೂಡು ತೆರೆಯುತ್ತದೆ, ಕೂಗು ನಿಲ್ಲುತ್ತದೆ, ಪೆಪ್ಪರ್‌ಮಿಂಟ್ ಬಾಯಿಗೆ ಹೋಗುತ್ತದೆ. ಅಲ್ಲಿಗೆ ಮುಗಿಯುವುದಿಲ್ಲ. ಹಿರಿಯಾಕೆ ಆಸೆಯಿಂದ ಮತ್ತೊಮ್ಮೆ ಒತ್ತುತ್ತಾರೆ. ಅಕ್ಕನ ಪೆನ್ನು ಹಾಳೆಯ ಮೇಲೆ ನಿಂತೇ ಇದೆ.

"ಇವತ್ತಿಂದು ಆಯ್ತು," ಎನ್ನುತ್ತದೆ ಡಬ್ಬಿ. "ಇನ್ನು ನಾಳೆ."

"ಅಯ್ಯೋ ನಿನ್ನ ಮುಖಕ್ಕೆ!" ಹಿರಿಯಾಕೆ ಇನ್ನೆರಡು ಸಲ ಗುದ್ದುತ್ತಾರೆ. ಗೂಡು ಮಿಸುಕುವುದಿಲ್ಲ. ಬೈದ ಜಾಗದ ಅಂಕಣದಲ್ಲಿ ಅಕ್ಕ ಅದನ್ನೂ ಬರೆದುಕೊಳ್ಳುತ್ತಾರೆ, ಅಕ್ಷರ ಬಿಡದೆ. ಹನ್ನೊಂದು ವರ್ಷದಲ್ಲಿ ಬೈಗುಳ ಬರೆಯುವಾಗ ಹೀಗೆ ನಕ್ಕಿದ್ದಿಲ್ಲ.

ಇನ್ನೂ ಎಂಟು ಕೈಗಳ ಪರೀಕ್ಷೆ ಬಾಕಿಯಿದೆ. ಆದರೂ ಮೊದಲು ಮನೆಗೆ ಹೋಗಬೇಕು, ಅತ್ತೆ ಬಾಗಿಲಲ್ಲೇ ಕಾಯುತ್ತಿರುತ್ತಾರೆ. ಕಾಯುತ್ತಲೇ ಇದ್ದಾರೆ.

"ಏನಾಯ್ತೇ? ಎಷ್ಟು ಕೊಡ್ತು?"

"ಒಂದೇ, ಅತ್ತೆ. ಎಷ್ಟು ಗುದ್ದಿದ್ರೂ ಒಂದೇ."

"ಥೂ, ಜಿಪುಣ ಆಗೋಯ್ತಾ?"

"ಹ್ಞೂಂ," ಎಂದು ಅಕ್ಕ ಚೀಲ ಇಳಿಸಿ, ಮಿಕ್ಕ ಪೆಪ್ಪರ್‌ಮಿಂಟ್‌ಗಳಲ್ಲಿ ಒಂದನ್ನು ಅತ್ತೆಯ ಅಂಗೈಯಲ್ಲಿಡುತ್ತಾರೆ. "ನಿಮ್ಮಿಂದಾನೇ ಆಗಿದ್ದು."