ಕೇಳಿ ಬರೆಯುವ ಬಯೋಡೇಟಾ ಅಕ್ಕ

ಬೆಳಗಿನ ಆರೂಕಾಲು. ವಿಶ್ವವಿದ್ಯಾಲಯದ ಹಿಂದಿನ ಗೇಟಿಗೆ ಇನ್ನೂ ಬೀಗ ಬಿದ್ದೇ ಇದೆ. ಎದುರು ಕಟ್ಟಡದ ಮೆಟ್ಟಿಲ ಕೆಳಗೆ ಹುದುಗಿರುವ ಜೆರಾಕ್ಸ್ ಅಂಗಡಿಯ ಷಟರ್ ಮಾತ್ರ ಅರ್ಧ ಮೇಲೆದ್ದಿದೆ. ಒಳಗೆ ಐವತ್ನಾಲ್ಕರ ಹೆಂಗಸೊಬ್ಬರು ಬಿಸಿನೀರಿನ ಲೋಟದಲ್ಲಿ ಬಲಗೈ ಬೆರಳು ಅದ್ದಿ ಕೂತಿದ್ದಾರೆ. ಐದು ನಿಮಿಷ ಹೀಗೆ ಅದ್ದದಿದ್ದರೆ ತೋರುಬೆರಳಿಗೂ ನಡುಬೆರಳಿಗೂ ಕೀಬೋರ್ಡು ತಾಗಿದ್ದೇ ತಿಳಿಯುವುದಿಲ್ಲ. ಎದುರಿನ ಸ್ಟೂಲಿನ ಮೇಲೆ ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬ ಮುದುಡಿ ಕೂತಿದ್ದಾನೆ. ಹೊಸ ಅಂಗಿ, ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ಒಂಬತ್ತೂವರೆಗೆ ಅವನಿಗೆ ಸಂದರ್ಶನ.

ಬಯೋಡೇಟಾದಲ್ಲಿ ಬರೆಯೋಕೆ ತನ್ನ ಹತ್ತಿರ ಏನೂ ಇಲ್ಲ, ಓದಿದ್ದೇನೆ, ಪಾಸಾಗಿದ್ದೇನೆ, ಅಷ್ಟೇ ಎನ್ನುತ್ತಾನೆ ಹುಡುಗ. ಅಕ್ಕ ಕಂಪ್ಯೂಟರಿನತ್ತ ತಿರುಗುವುದೂ ಇಲ್ಲ. "ಅದು ಆಮೇಲೆ. ನಿನ್ನೆ ಎದ್ದಾಗಿಂದ ಮಲಗೋವರೆಗೆ ಏನೇನು ಮಾಡಿದೆ, ಹೇಳು ಮಗಾ" ಎನ್ನುತ್ತಾರೆ. ಹುಡುಗ ತಲೆ ಕೆರೆದುಕೊಳ್ಳುತ್ತಾ ಒಂದೊಂದೇ ಹೇಳುತ್ತಾನೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಗೊತ್ತಾಗುತ್ತದೆ: ಕಣ್ಣು ಕಾಣದ ತನ್ನ ಕೊಠಡಿಯ ಗೆಳೆಯನಿಗಾಗಿ ಇವನು ಎರಡು ವರ್ಷದಿಂದ ದಿನಾ ಸಂಜೆ ಪಾಠಗಳನ್ನು ಓದಿ ಫೋನಿನಲ್ಲಿ ಧ್ವನಿ ತುಂಬುತ್ತಿದ್ದಾನೆ. ಮುನ್ನೂರಕ್ಕೂ ಹೆಚ್ಚು ಧ್ವನಿಪಾಠಗಳು. ಅದನ್ನು ಯಾಕೆ ಹೇಳಲಿಲ್ಲ ಎಂದರೆ, ಅದೇನು ದೊಡ್ಡ ವಿಷಯ ಎಂದು ಅವನೇ ಅಚ್ಚರಿಪಡುತ್ತಾನೆ.

ಅಕ್ಕ ಆ ಸಾಲನ್ನು ಟೈಪ್ ಮಾಡಿ, ಜೆರಾಕ್ಸ್ ಯಂತ್ರ ಚಾಲೂ ಮಾಡುತ್ತಾರೆ. ಅದರ ಗಡಗಡ ಸದ್ದಿನ ನಡುವೆಯೂ ಅಕ್ಕನಿಗೆ ಕೇಳಿಸುವಂತೆ ಅವನು ಆ ಸಾಲನ್ನು ವಿವರಿಸಬೇಕು. ಮೊದಲ ಸಲ ಹುಡುಗನ ಮಾತು ಯಂತ್ರದ ಸದ್ದಿನಲ್ಲೇ ಮುಳುಗಿಹೋಗುತ್ತದೆ. "ಟೈ ಚೆನ್ನಾಗಿ ಬಿಗಿ ಮಾಡ್ಕೊಂಡಿದ್ದೀಯ. ಈಗ ನಾಲಿಗೆ ಸ್ವಲ್ಪ ಸಡಿಲ ಮಾಡ್ಕೋ" ಎನ್ನುತ್ತಾರೆ ಅಕ್ಕ. ಹುಡುಗ ನಗುತ್ತಾನೆ. ನಾಲ್ಕನೇ ಸಲಕ್ಕೆ ಮಾತು ಸಲೀಸಾಗಿ ಬರುತ್ತದೆ.

ಹುಡುಗರೆಲ್ಲ ಇವರನ್ನು ಕರೆಯುವುದು ಬಯೋಡೇಟಾ ಅಕ್ಕ ಎಂದೇ. ಇಪ್ಪತ್ತಾರು ವರ್ಷದಿಂದ ಇದೇ ಆರಡಿ ಅಗಲದ ಅಂಗಡಿ. ಗಂಡ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಮುದ್ರಣಾಲಯ ಮುಚ್ಚಿತು, ಅವರ ಕಣ್ಣೂ ಮಂಜಾಯಿತು. ಮನೆಯ ಭಾರ ಅಕ್ಕನ ಬೆರಳ ಮೇಲೆ ಬಿತ್ತು. ಈಗ ದಿನಕ್ಕೆ ಆರುನೂರು ಹಾಳೆ ಜೆರಾಕ್ಸ್, ಒಂದೋ ಎರಡೋ ಬಯೋಡೇಟಾ. ಹಿಂದೆ ಒಂದೇ ದಿನ ನಲವತ್ತು ಮುಗಿಸುತ್ತಿದ್ದರಂತೆ. ಬೆರಳು ಜೋಮು ಹಿಡಿದದ್ದರಿಂದ ಕಡಿಮೆಯಾಯಿತೇ ಎಂದರೆ, ಅಲ್ಲ ಎಂದು ತಲೆಯಾಡಿಸುತ್ತಾರೆ. ಆಮೇಲೆ ಹಾಳೆ ಜೋಡಿಸುತ್ತಾ ತಾವಾಗಿಯೇ ಹೇಳತೊಡಗುತ್ತಾರೆ.

ಹನ್ನೆರಡು ವರ್ಷದ ಹಿಂದಿನ ಮಾತು. ಆಗ ಅವರ ಕಂಪ್ಯೂಟರಿನಲ್ಲಿ ಒಂದು ಸಿದ್ಧಪಟ್ಟಿ ಇತ್ತು. ನಾಯಕತ್ವ ಗುಣ, ಭಾಷಣ ಕಲೆ, ತಂಡದಲ್ಲಿ ದುಡಿಯುವ ಶಕ್ತಿ, ಹೀಗೆ ಒಂಬತ್ತು ಸಾಲು. ಯಾರೇ ಬರಲಿ, ಹೆಸರು ಬದಲಿಸಿ ಅದನ್ನೇ ಅಂಟಿಸುವುದು. ಒಂದು ಮಧ್ಯಾಹ್ನ ಕೊನೆಯ ವರ್ಷದ ಹುಡುಗಿಯೊಬ್ಬಳು ಬಂದಳು. ಮೆಲುದನಿ, ಕೇಳಿದ್ದಕ್ಕಷ್ಟೇ ಉತ್ತರ. ನಿನಗೆ ಏನೇನು ಬರುತ್ತೆ ಎಂದು ಕೇಳಿದರೆ ಬಾಗಿಲ ಕಡೆ ನೋಡಿದಳು. ಅವಳ ಹಿಂದೆ ಸಾಲು ಬೀದಿಯವರೆಗೆ ಬೆಳೆದಿತ್ತು. ಅಕ್ಕ ಆ ಒಂಬತ್ತು ಸಾಲು ಅಂಟಿಸಿ, ಮುದ್ರಿಸಿ ಕೈಗಿತ್ತರು. ಓದಿ ನೋಡು ಎಂದೂ ಹೇಳಲಿಲ್ಲ.

ಮಾರನೆಯ ದಿನ ಸಂದರ್ಶನದ ಮೇಜಿನ ಆಚೆ ಕೂತಿದ್ದವರೊಬ್ಬರು ಭಾಷಣ ಕಲೆ ಎಂಬ ಸಾಲಿನ ಮೇಲೆ ಬೆರಳಿಟ್ಟರು. ಎದ್ದು ನಿಂತು ಎರಡು ನಿಮಿಷ ಮಾತಾಡಿ ಎಂದರು. ಹುಡುಗಿ ಎದ್ದು ನಿಂತಳು. ತುಟಿ ಬಿಚ್ಚಲಾಗಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬರು ನಕ್ಕರು. ಬಾಗಿಲ ಬಳಿ ಕಾಯುತ್ತಿದ್ದ ಸಹಪಾಠಿಗಳಿಗೂ ಅದು ಕೇಳಿಸಿತು.

ಸಂಜೆ ಅವಳು ನೇರ ಅಂಗಡಿಗೆ ಬಂದಳು. ಜಗಳವಾಡಲಿಲ್ಲ, ಅಳಲಿಲ್ಲ. ನಾಲ್ಕಾಗಿ ಮಡಚಿದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

"ಅಕ್ಕಾ, ಇದರಲ್ಲಿ ನಾನು ಎಲ್ಲಿದ್ದೀನಿ?"

ಅಕ್ಕ ಬಾಯಿ ತೆರೆಯುವ ಮೊದಲೇ ಹೊರಟುಹೋದಳು. ಎರಡನೆಯ ದಿನ ಮನಸ್ಸು ತಡೆಯದೆ ಅಕ್ಕ ಅವಳ ಹಾಸ್ಟೆಲಿಗೆ ಹೋದರು. ಮಂಚ ಖಾಲಿಯಾಗಿತ್ತು. ಬೆಳಗಿನ ಬಸ್ಸಿಗೆ ಪೆಟ್ಟಿಗೆ ಸಮೇತ ಊರಿಗೆ ಹೋದಳು ಎಂದರು ವಾರ್ಡನ್. ವಿಳಾಸ ಕೊಡಲು ಒಪ್ಪಲಿಲ್ಲ. ಕೊನೆಯ ಪರೀಕ್ಷೆಗೆ ಆಗ ಎರಡೇ ತಿಂಗಳಿತ್ತು. ಅವಳು ಪರೀಕ್ಷೆಗೂ ಬರಲಿಲ್ಲ.

"ಸಾಲು ಉದ್ದ ಇತ್ತು ಅಂತ ನನಗೆ ನಾನೇ ಎಷ್ಟೋ ಸಲ ಹೇಳ್ಕೊಂಡೆ. ಇತ್ತು, ನಿಜ. ಆದ್ರೆ ಅವಳ ಮುಖ ನೋಡೋಕೆ ಎಷ್ಟು ಹೊತ್ತು ಬೇಕಿತ್ತು?"

ಅಂದೇ ಸಿದ್ಧಪಟ್ಟಿ ಅಳಿಸಿಹಾಕಿದರು. ಅಂದಿನಿಂದ ಕೇಳದೆ ಒಂದಕ್ಷರ ಟೈಪ್ ಮಾಡಿಲ್ಲ. ಉದಾಹರಣೆ ಕೊಡಲಾಗದ ಗುಣ ಹಾಳೆಯಲ್ಲಿ ಇರಕೂಡದು. ಇಲ್ಲದಿದ್ದರೆ ಬೆಳೆಸಿಕೊಂಡು ಬಾ ಎಂದು ಕಳಿಸುತ್ತಾರೆ. ನಾಲ್ಕು ಜನರ ಮುಂದೆ ಮಾತು ಬಾರದವರು ಗ್ರಂಥಾಲಯದಲ್ಲಿ ಹೊಸಬರಿಗೆ ಪುಸ್ತಕ ಹುಡುಕುವುದನ್ನು ತೋರಿಸಿಕೊಡಬೇಕು. ಹೇಳಿದ ಹೊತ್ತಿಗೆ ಬಾರದವರಿಗೆ ಹಾಸ್ಟೆಲಿನ ಊಟದ ಮನೆಯ ಪಾಳಿಪಟ್ಟಿ ನೋಡಿಕೊಳ್ಳುವ ಕೆಲಸ. ಮೂರು ತಿಂಗಳು ಬಿಟ್ಟು ಬಂದರೆ ಮತ್ತೆ ಯಂತ್ರದ ಸದ್ದಿನ ಮುಂದೆ ನಿಲ್ಲಿಸುತ್ತಾರೆ. ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಕೌಶಲ್ಯ ಕೇಂದ್ರವಿದೆ, ದೊಡ್ಡ ಬೋರ್ಡೂ ಇದೆ. ವಾರಕ್ಕೆ ಎರಡು ದಿನ ಬರುವ ಅಲ್ಲಿನ ಅಧಿಕಾರಿ ಹುಡುಗರಿಗೆ ಹಿಂದಿನ ಗೇಟಿನ ದಾರಿ ತೋರಿಸುತ್ತಾರೆ.

ಇಷ್ಟಾದರೂ ಕೆಲಸ ಸಿಕ್ಕವರು ಎಷ್ಟು ಜನ? ಅಕ್ಕ ನಿಟ್ಟುಸಿರು ಬಿಡುತ್ತಾರೆ. ಹೋದ ವರ್ಷ ತಾವು ಕೂರಿಸಿಕೊಂಡು ಬರೆದವರು ನಾನೂರಕ್ಕೆ ಹತ್ತಿರ. ಸಿಕ್ಕಿತು ಎಂದು ಬಂದು ಹೇಳಿದವರು ಐವತ್ತೊಂದು. ಅಕ್ಕನಿಗೆ ಬಹಳ ಕಷ್ಟವಾಗುವುದು ತಾರೀಖು ಬದಲಿಸುವವರನ್ನು ನೋಡಿದಾಗ. ವರ್ಷಕ್ಕೊಮ್ಮೆ ಬರುತ್ತಾರೆ. ಹಾಳೆಯಲ್ಲಿ ವಯಸ್ಸೊಂದು ಹೆಚ್ಚಾಗಬೇಕು, ತಾರೀಖು ಹೊಸದಾಗಬೇಕು, ಉಳಿದದ್ದು ಹಾಗೇ. ಒಬ್ಬಾತ ಏಳು ವರ್ಷದಿಂದ ಬರುತ್ತಿದ್ದಾನೆ. ಈಚೆಗೆ ಅವನು ಕೂರುವುದೂ ಇಲ್ಲ, ನಿಂತೇ ತೆಗೆದುಕೊಂಡು ಹೋಗುತ್ತಾನೆ.

ಈಗಂತೂ ಫೋನಿನಲ್ಲೇ ಒಂದು ನಿಮಿಷಕ್ಕೆ ಬಯೋಡೇಟಾ ತಯಾರಾಗುತ್ತದೆ. ಮೊನ್ನೆ ಹುಡುಗಿಯೊಬ್ಬಳು ಪ್ರಿಂಟಿಗೆ ತಂದ ಹಾಳೆಯಲ್ಲಿ ನಾಯಕತ್ವ ಗುಣ, ಭಾಷಣ ಕಲೆ ಎಲ್ಲ ಸಾಲಾಗಿ ಕೂತಿದ್ದವು. ಅಕ್ಕ ಪ್ರಿಂಟ್ ನಿಲ್ಲಿಸಿದರು. ಕೂತ್ಕೋ, ಎರಡು ಮಾತು ಕೇಳಬೇಕು ಎಂದರು. ಹೊತ್ತಿಲ್ಲ ಎಂದು ಅವಳು ಹೊರಟೇಬಿಟ್ಟಳು.

ನಾಲ್ಕು ವರ್ಷದ ಹಿಂದೆ, ಆಗಷ್ಟೇ ಮೊದಲ ವರ್ಷಕ್ಕೆ ಸೇರಿದ್ದ ಹುಡುಗಿಯೊಬ್ಬಳು ಅಂಗಡಿಯ ಹೊಸ್ತಿಲ ಹೊರಗೇ ನಿಂತಿದ್ದಳು. ಒಳಗೆ ಬಾ ಎಂದರೆ ಹಿಂದೆ ಮುಂದೆ ನೋಡಿದಳು. ಕೊನೆಗೆ, "ಈ ಅಂಗಡಿಗೆ ಹೋಗ್ಬೇಡ ಅಂತ ನಮ್ಮಕ್ಕ ಹೇಳಿದ್ಲು. ಆದ್ರೆ ಎಲ್ಲರೂ ಇಲ್ಲಿಗೇ ಹೋಗು ಅಂತಾರೆ" ಎಂದಳು. ಅವಳ ಅಕ್ಕ ಯಾರು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಅದೇ ಹಣೆ, ಅದೇ ಮೆಲುದನಿ. ಅಕ್ಕ ಎದ್ದು ಸ್ಟೂಲು ಎಳೆದು ಹಾಕಿದರು. ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು ಎಂದರು.

ದೊಡ್ಡವಳು ಈಗ ಬಟ್ಟೆ ಮಳಿಗೆಯೊಂದರ ಒಳಕೋಣೆಯಲ್ಲಿ ಕೂತು ಬೆಲೆಚೀಟಿ ಅಂಟಿಸುತ್ತಾಳಂತೆ. ಗಿರಾಕಿಗಳ ಮುಂದೆ ನಿಲ್ಲುವ ಕೆಲಸ ಎರಡು ಸಲ ಬಂದಿತ್ತು, ಎರಡು ಸಲವೂ ಬೇಡವೆಂದಳು.

ತಂಗಿ ಮೂರು ವರ್ಷವೂ ಬಯೋಡೇಟಾ ಅಕ್ಕನ ಹತ್ತಿರ ಬರುತ್ತಿದ್ದಳು. ಗ್ರಂಥಾಲಯದಲ್ಲಿ ನಿಂತಳು, ತರಗತಿಯ ಸಭೆಗಳ ವರದಿ ಬರೆದಳು, ಹನ್ನೊಂದು ಸಂದರ್ಶನಕ್ಕೆ ಹೋದಳು. ಈಗ ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಒಂಬತ್ತು ತಿಂಗಳ ತಾತ್ಕಾಲಿಕ ಕೆಲಸ. ಆಮೇಲೇನು ಎಂಬುದು ಅವಳಿಗೂ ಗೊತ್ತಿಲ್ಲ.

ಪ್ರತಿ ರಜೆಗೂ ಊರಿಗೆ ಹೋಗುವ ಅವಳ ಕೈಯಲ್ಲಿ ಅಕ್ಕ ದೊಡ್ಡವಳಿಗೆ ಒಂದು ಮಾತು ಹೇಳಿಕಳಿಸುತ್ತಾರೆ: ಒಂದು ಸಲ ಬಂದು ನೋಡಲಾ ಎಂದು. ಮೊದಲೆರಡು ಸಲ ಉತ್ತರವೇ ಬರಲಿಲ್ಲ. ಹೋದ ರಜೆಯಲ್ಲಿ ಬಂತು. ಈಗ ಬೇಡ ಅಂತೆ.

ಬೆರಳಿಗೆ ವಿಶ್ರಾಂತಿ ಬೇಕೇಬೇಕು ಎಂದು ವೈದ್ಯರು ಹೇಳಿದ್ದಾರೆ. ಮುಂದಿನ ವರ್ಷ ಷಟರ್ ಎಳೆಯಬೇಕಾಗಬಹುದು. ಅದಕ್ಕೆ ಮೊದಲು ಏನಾದರೂ ಆಸೆ ಇದೆಯೇ ಎಂದರೆ ಅಕ್ಕ ಬಾಗಿಲಾಚೆಯ ಬೀದಿ ನೋಡುತ್ತಾರೆ. ಗೇಟು ತೆರೆದಿದೆ, ಮಕ್ಕಳು ಬರತೊಡಗಿದ್ದಾರೆ.

"ಅವಳು ಕರೆದ ದಿನ ಅಂಗಡಿ ಮುಚ್ಚಿ ಹೋಗ್ತೀನಿ. ಕರೀದೇ ಇದ್ರೆ, ಅದೂ ಅವಳಿಗೆ ಸೇರಿದ್ದೇ ಅಲ್ವಾ?"