ಹಾಜರಿ ಪುಸ್ತಕದ ನಕಲು

ರತ್ನಮ್ಮನವರೇ, ಬೋಧಕರ ಹಾಜರಿ ಪುಸ್ತಕದ ನಕಲನ್ನು ದೆಹಲಿಯವರಿಗೆ ಕೊಟ್ಟವನು ನಾನು. ನೀವಲ್ಲ.

ನಿಮಗೆ ಎಲ್ಲ ನೆನಪಿರುತ್ತದೆ — ಆದರೂ ನನ್ನ ಬಾಯಿಂದಲೇ ಕೇಳಿ. ಕೂಡ್ಲಿಗಿಯಲ್ಲಿ ವಿಶ್ವವಿದ್ಯಾಲಯ ನಡೆಸುತ್ತಿದ್ದ ನಮ್ಮ ಬಿ.ಇಡಿ. ಕಾಲೇಜಿನಲ್ಲಿ ಬೋಧಕರು ಸಾಲದು ಎಂದು ದೆಹಲಿಯಿಂದ ಮಾನ್ಯತೆ ರದ್ದಾಯಿತು. ವಿಶ್ವವಿದ್ಯಾಲಯ ಕೇಂದ್ರ ಸರ್ಕಾರದ ಮೇಲೆಯೇ ಹೈಕೋರ್ಟಿಗೆ ಹೋಯಿತು. ಏಳು ಜನ ದಿನವೂ ಪಾಠ ಮಾಡುತ್ತಾರೆ ಎಂದು ಪ್ರಮಾಣಪತ್ರ ಸಲ್ಲಿಸಿತು. ಬರುತ್ತಿದ್ದವರು ಮೂವರು.

ಅದೇ ದಿನಗಳಲ್ಲಿ ನಿಮಗೆ ಕಾಲೇಜು ಕಚೇರಿಯ ಸೂಪರಿಂಟೆಂಡೆಂಟ್ ಹುದ್ದೆ ಸಿಕ್ಕಿತು. ಅಲ್ಲಿಯೇ ಗುಮಾಸ್ತನಾಗಿದ್ದ ನನಗಿಂತ ತಡವಾಗಿ ಸೇರಿದವರು, ನಿಮ್ಮ ಕೇರಿಯಿಂದ ಪಗಾರದ ನೌಕರಿಗೆ ಬಂದ ಮೊದಲ ಹೆಣ್ಣುಮಗಳು. ನೀವು ಕೊಟ್ಟ ಪೇಢೆ ತಿಂದೆ, ನಕ್ಕೆ. ಒಳಗೆ ಮಾತ್ರ — ಇವಳ ಕೈಕೆಳಗೆ ನಾನೇ? ಹೌದು, ಹಾಗೆಯೇ ಅಂದುಕೊಂಡೆ.

ದೆಹಲಿಯಿಂದ ತಪಾಸಣೆಯ ಅಧಿಕಾರಿ ಬಂದ ದಿನ, ಊಟಕ್ಕೆ ಹೋಗುವಾಗ ನೀವು ಹಾಜರಿ ಪುಸ್ತಕವಿದ್ದ ಬೀರುವಿನ ಕೀಲಿಯನ್ನು ನನ್ನ ಕೈಗೆ ಕೊಟ್ಟಿರಿ. ಬಸ್ ಸ್ಟ್ಯಾಂಡಿನ ಬಳಿ ಝೆರಾಕ್ಸ್ ಮಾಡಿಸಿಕೊಂಡು ಬಂದು ಆ ಅಧಿಕಾರಿಯ ಕೈಗಿಟ್ಟೆ. ನೀವು ತಿರುಗಿ ಬರುವಷ್ಟರಲ್ಲಿ ಪುಸ್ತಕ ತನ್ನ ಜಾಗದಲ್ಲಿತ್ತು.

ಆ ಹಾಳೆಗಳು ಕೋರ್ಟಿನಲ್ಲಿ ಕಾಣಿಸಿಕೊಂಡಾಗ ಪ್ರಿನ್ಸಿಪಾಲರು ಎಲ್ಲರ ಮುಂದೆ ಕೇಳಿದರು, "ಪುಸ್ತಕ ಯಾರ ತಾಬೆದಾಗ ಇತ್ತು?"

"ಕೀಲಿ ಮೇಡಂ ಹತ್ರಾನ ಇರ್ತೈತ್ರಿ, ಸರ್," ಎಂದೆ.

ಅಲ್ಲಿಂದ ಕಾಲೇಜೇ ಕೆಟ್ಟುಹೋಯಿತು. ನೀವು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ನೀವು ಟಪಾಲು ಬರೆದರೆ ಒಬ್ಬರು ಇಣುಕುತ್ತಿದ್ದರು, ಫೋನೆತ್ತಿದರೆ ಇನ್ನೊಬ್ಬರು ಕಿವಿಗೊಡುತ್ತಿದ್ದರು. ನಾನೂ ಎಲ್ಲರನ್ನೂ ನೋಡುತ್ತಿದ್ದೆ — ಝೆರಾಕ್ಸ್ ಅಂಗಡಿಯವನು ಸುಮ್ಮನೆ ನಮಸ್ಕಾರ ಹೇಳಿದರೂ ಇವನಿಗೆ ಗೊತ್ತಿದೆಯೇನೋ ಎಂದು.

ಒಂದು ದಿನ ನೀವೇ ಅಂದಿರಿ: "ಅಣ್ಣಾರ, ಕೀಲಿ ನಿಮಗೂ ಎಷ್ಟೋ ಸಲ ಕೊಟ್ಟೀನಿ. ಆದ್ರ ನೀವು ಅಂಥವ್ರಲ್ಲ ಬಿಡ್ರಿ."

ಅದು ನಂಬಿಕೆಯೋ, ನನ್ನನ್ನು ಅಳೆಯುವ ಮಾತೋ — ನನಗೆ ಇಂದಿಗೂ ತಿಳಿದಿಲ್ಲ. "ಛೇ, ನಾನ್ಯಾಕ್ರಿ..." ಎಂದು ತಲೆತಗ್ಗಿಸಿದೆ. ವಿಶ್ವವಿದ್ಯಾಲಯ ನಿಮ್ಮ ಮೇಲೆ ನಡೆಸಿದ ವಿಚಾರಣೆಯಲ್ಲಿಯೂ ನೀವು ನನ್ನ ಹೆಸರು ಎತ್ತಲಿಲ್ಲ.

ಕೊನೆಗೆ ವಿಶ್ವವಿದ್ಯಾಲಯ ಗೆದ್ದಿತು. ನೋಟಿಸ್ ಕೊಡದೆ ಮಾನ್ಯತೆ ಕಿತ್ತದ್ದು ತಪ್ಪು ಎಂದಿತು ಕೋರ್ಟು. ಬೋಧಕರ ಲೆಕ್ಕಕ್ಕೆ ಹೋಗಲೇ ಇಲ್ಲ. ಕಾಲೇಜು ಉಳಿಯಿತು. ನಿಮ್ಮ ಸೂಪರಿಂಟೆಂಡೆಂಟ್ ಹುದ್ದೆ ಹೋಯಿತು, ದೂರದ ಊರಿಗೆ ವರ್ಗವಾಯಿತು. ಆ ಕುರ್ಚಿಯಲ್ಲಿ ನಾನು ಕೂತೆ, ಅಲ್ಲಿಂದಲೇ ನಿವೃತ್ತನಾದೆ.

ನಿಜವನ್ನೇ ತಾನೇ ಬಯಲಿಗಿಟ್ಟಿದ್ದು ಎಂದು ಬಹಳ ವರ್ಷ ಹೇಳಿಕೊಂಡೆ. ನಿಜಕ್ಕಾಗಿ ಮಾಡಿದ್ದರೆ ನನ್ನ ಹೆಸರು ಹೇಳಿಯೇ ಮಾಡುತ್ತಿದ್ದೆ.

ಮೊನ್ನೆ, ನೀವು ಈಗ ಬಂದು ನೆಲೆಸಿರುವ ಹಗರಿಬೊಮ್ಮನಹಳ್ಳಿಯಲ್ಲಿ ನಿಮ್ಮ ಮನೆ ಕೇಳಿದಾಗ ಅಂಗಡಿಯವನು, "ಯಾರು, ಕಾಲೇಜು ಮುಚ್ಚಸಾಕ ಹೊಂಟಿದ್ದಾಕಿನಾ?" ಅಂದ. ಬಾಗಿಲಿನವರೆಗೆ ಬರಲಾರದೆ ಹಿಂತಿರುಗಿದೆ.

ಇದೇ ಮಾತನ್ನು ವಿಶ್ವವಿದ್ಯಾಲಯಕ್ಕೂ ಬರೆದು, ಸಹಿ ಹಾಕಿ ಕಳಿಸಿದ್ದೇನೆ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನೀವು ಬಾಗಿಲು ತೆರೆಯದಿದ್ದರೂ ಸರಿಯೇ — ಓಣಿಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಈ ಪತ್ರವನ್ನು ಓದುತ್ತೇನೆ.